ಇಟಲಿಯ ಸರೋವರಕ್ಕೆ ಮೂರು ಟಿಕೇಟು

ಬೇರೆಯವರ ಮನೆಯಲ್ಲಿ ರಜೆ ಬಂದರೆ ಚೀಲ ತುಂಬುತ್ತಾರೆ, ಬೀಗ ಹಾಕುತ್ತಾರೆ, ಹೋಗುತ್ತಾರೆ. ನಮ್ಮ ಮನೆಯಲ್ಲಿ ಯಾರಾದರೂ ‘ಹೋಗೂಣು’ ಅಂದರೆ ಸಾಕು, ಅಂದಿನಿಂದಲೇ ಫಜೀತಿ ಶುರು. ಹೋಗಿ ಬಂದ ಮೇಲೂ ಅದರ ಬಾಲ ಮುಗಿಯುವುದಿಲ್ಲ. ನಾನೇನೂ ಮಾಡುವುದಿಲ್ಲ ಮತ್ತೆ. ಕುರ್ಚಿಯಲ್ಲಿ ಕೂತು ನೋಡುತ್ತೇನೆ, ನೋಡಿದ್ದನ್ನು ನಾಲ್ಕು ಮಂದಿಗೆ ಹೇಳುತ್ತೇನೆ. ಅಷ್ಟೇ ನನ್ನ ತಪ್ಪು.

೧. ವಿಮಾನ ಮಾಡುವವನ ಅಂಜಿಕೆ

ನಾವಿರುವುದು ಇಂಗ್ಲಿಷರ ನಾಡಿನ ಬೀಸ್ಟನ್ ಅನ್ನುವ ಊರಿನಲ್ಲಿ. ಸೊಸೆ ಡಾಕ್ಟರು, ಜಿಪಿ, ಅಂದರೆ ಯಾವ ರೋಗಕ್ಕೂ ಮೊದಲು ನೋಡುವಾಕೆ. ಇಡೀ ದಿನ ಮಂದಿಯ ಗಂಟಲು ನೋಡಿ ಮನೆಗೆ ಬಂದರೆ ನಾನು ಮೊಣಕಾಲು ತೋರಿಸುತ್ತೇನೆ. ಕನ್ನಡ ಸಂಘದ ಊಟಕ್ಕೆ ಹೋದರೆ ಹೋಳಿಗೆ ಬಡಿಸುವಾಕೆ ಕೂಡ ಮೊದಲು ಸೊಸೆಗೆ ತನ್ನ ನಾಲಿಗೆ ಚಾಚಿ ತೋರಿಸಿ ಆಮೇಲೆ ತುಪ್ಪ ಹಾಕುತ್ತಾಳೆ. ಬಿಡುವು ಸಿಕ್ಕಾಗಲೆಲ್ಲ ಊರಿಗೆ ಹೋಗಿ ಅಲ್ಲಿಯವರ ಬಿಪಿ ನೋಡುವುದಾಗಿತ್ತು. ಆ ವರ್ಷ ಮಾತ್ರ ರೋಟಾದಲ್ಲಿ, ಅಂದರೆ ದವಾಖಾನೆಯ ಪಾಳಿಪಟ್ಟಿಯಲ್ಲಿ, ಒಂದೇ ಒಂದು ವಾರ ಆಕೆಯ ಕೈಗೆ ಖಾಲಿ ಬಿತ್ತು.

“ಇದು ತಪ್ಪಿತಂದ್ರ ಮುಂದಿನ ವರ್ಷಾನ” ಎಂದಳು. “ಇಟಲಿಯಾಗ ಒಂದು ಸರೋವರ ಐತಿ. ಅದರ ದಂಡಿಮ್ಯಾಲೆ ಕೂತು, ಯಾರೂ ನನ್ನ ಡಾಕ್ಟ್ರೇ ಅನ್ನದಂಗ, ಒಂದು ಕಪ್ ಕಾಫಿ ಬಿಸಿ ಇರೂದ್ರಾಗ ಕುಡೀಬೇಕು. ನನಗ ಇನ್ನೇನೂ ಬ್ಯಾಡ.”

ಪಾಪ, ಏನು ದೊಡ್ಡ ಆಸೆ. ನನ್ನನ್ನು ಬಿಟ್ಟು ಹೋಗುವ ಮಾತೂ ಬಂದಿತ್ತು, ಸುಳ್ಳೇಕೆ ಹೇಳಲಿ. ಅಡಿಗೆಮನೆಯಲ್ಲಿ ಪಿಸುಪಿಸು ಬಂದಿತ್ತು. ಅದು ಮುಗಿಯುವುದರೊಳಗೆ ನಾನು ಬಾಗಿಲಲ್ಲಿ ನಿಂತು, “ನಾನೂ ಬರಾಕಿ” ಅಂದೆ. ಮಾತು ಅಲ್ಲಿಗೆ ನಿಂತಿತು.

“ವಿಮಾನದಾಗ ಎರಡು ತಾಸು” ಅಂದಳು ಸೊಸೆ.

“ಬ್ಯಾಡ, ರೈಲಿನಾಗ ಹೋಗೂಣು” ಅಂದ ನನ್ನ ಮಗ. “ಹಾದಿ ನೋಡಿದಂಗ ಆಗತೈತಿ.”

ಹಾದಿ ನೋಡುವ ಮಗನೇ ಅವನು! ಖರೆ ಸಂಗತಿ ಏನೆಂದರೆ ಅವನಿಗೆ ವಿಮಾನದ ಅಂಜಿಕೆ. ಇಂಡಿಯಾಕ್ಕೆ ಬೇರೆ ದಾರಿ ಇಲ್ಲವೆಂದು ಕಣ್ಣು ಮುಚ್ಚಿ, ಪಕ್ಕದವರ ಕೈ ಹಿಡಿದು ಹೋಗುತ್ತಾನೆ. ಪಕ್ಕದವರು ಯಾರೆಂದೂ ನೋಡುವುದಿಲ್ಲ. ಇವನು ಹೊಟ್ಟೆಗೆ ಮಾಡುವ ಕೆಲಸವಾದರೂ ಯಾವುದು? ವಿಮಾನದ ಎಂಜಿನ್ನಿಗೆ ಬೇಕಾಗುವ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು!

“ಎಲ್ಲಾ ಬಿಟ್ಟು ನೀ ಅಂಜತೀಯಲ್ಲೋ” ಅಂದೆ. “ನಿಮ್ಮ ಕೈಲೆ ಮಾಡಿದ್ದ ಹೌದಲ್ಲೋ ಆ ಸಾಮಾನ?”

“ಅದಕ್ಕ ಯವ್ವಾ” ಅಂದ. “ಶುಕ್ರವಾರ ಊಟ ಆದಮ್ಯಾಲೆ ನಾವು ಹೆಂಗ ಕೆಲಸ ಮಾಡತೀವಿ ಅನ್ನೂದು ನನಗ ಗೊತ್ತೈತಿ.”

೨. ಫ್ರಿಜ್ಜಿನ ಮೇಲಿನ ಪಟ್ಟಿ

ಆಗ ಸಮುದ್ರದ ಕೆಳಗೆ ಹೋಗುವ ರೈಲು ಲಂಡನ್ನಿನ ವಾಟರ್ಲೂದಿಂದ ಹೊರಡುತ್ತಿತ್ತು. ಇಲ್ಲಿಂದ ಲಂಡನ್, ಅಲ್ಲಿಂದ ಪ್ಯಾರಿಸ್, ಪ್ಯಾರಿಸ್ಸಿನಲ್ಲಿ ಒಂದು ಸ್ಟೇಷನ್ನಿನಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕು, ಆಮೇಲೆ ಮಿಲಾನ್, ಅಲ್ಲಿಂದ ಸರೋವರದ ದಂಡೆಯ ವರೆನ್ನಾ ಅನ್ನುವ ಊರು, ಅಲ್ಲಿಂದ ದೋಣಿಯಲ್ಲಿ ಬೆಲ್ಲಾಜಿಯೋ. ಇಷ್ಟಕ್ಕೆ ಮಗ ಮೂರು ತಿಂಗಳು ಕೂತು ಪಟ್ಟಿ ಮಾಡಿದ. ಮದುವೆಯ ದಿನ ಕೂಡ ಅವನ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ.

ಪಟ್ಟಿ ಫ್ರಿಜ್ಜಿನ ಮೇಲೇರಿತು. ಹಸಿರು ಗೆರೆ ರೈಲಿಗೆ, ನೀಲಿ ಗೆರೆ ದೋಣಿಗೆ. ಕೆಂಪು ಗೆರೆ ಯಾತಕ್ಕೆ ಅಂದರೆ, “ಮುಂಚಿತವಾಗಿ ಹೋಗಿ ಕೂಡ್ರೂದಕ್ಕ” ಅಂದ. ಒಂದು ರೈಲು ತಪ್ಪಿದರೆ ಮುಂದಿನ ಎಲ್ಲವೂ ತಪ್ಪುತ್ತವೆಂದು ಒಂದೊಂದು ಸ್ಟೇಷನ್ನಿಗೂ ನಾಲ್ಕು ತಾಸು, ಐದು ತಾಸು ಮೊದಲೇ ಹೋಗಿ ಕೂಡ್ರುವುದು. ದೂರದಿಂದ ನೋಡಿದರೆ ಪಟ್ಟಿಗೆ ಗೋವರ, ದಡಾರ ಎದ್ದ ಹಾಗೆ ಕಾಣುತ್ತಿತ್ತು.

ಸೊಸೆ ಒಂದು ಸಂಜೆ ಕೋಟು ಬಿಚ್ಚದೆ ಅದರ ಮುಂದೆ ನಿಂತು ಬೆರಳು ಮಡಚಿ ಎಣಿಸಿದಳು.

“ರೀ, ಸ್ಟೇಷನ್ನಿನಾಗ ಕೂಡ್ರೂದು ಮೂವತ್ತೊಂಬತ್ತು ತಾಸು. ಸರೋವರದ ದಂಡಿಮ್ಯಾಲೆ ಕೂಡ್ರೂದು ಮೂವತ್ತು.”

“ಸೇಫ್ ಇರಲಿ ಅಂತ” ಅಂದ ಮಗ.

“ಹಂಗಾರ ರೂಮು ಸ್ಟೇಷನ್ನಿನಾಗ ಬುಕ್ ಮಾಡ್ರಿ” ಅಂದಳು ಸೊಸೆ. “ಸರೋವರ ಹೋಗೂ ಮುಂದ ಕಿಟಕಿಯಾಗ ನೋಡೂಣು.”

೩. ಗಂಡನಿಗೊಂದು ಡಬ್ಬಿ, ಹೆಂಡತಿಗೊಂದು ಡಬ್ಬಿ

ಕೆಂಪು ಗೆರೆ ಕಡಿಮೆಯಾದವು, ಮಗನ ಎದೆ ಹೊಡೆದುಕೊಳ್ಳುವುದು ಜಾಸ್ತಿಯಾಯಿತು. ಪ್ಯಾರಿಸ್ಸಿನಲ್ಲಿ ಎಷ್ಟು ಜಲ್ದಿ ನಡೆಯಬೇಕು ಎಂದು ಬೀಸ್ಟನ್ನಿನ ಪೇಟೆಯಲ್ಲೇ ತಾಲೀಮು ಇಟ್ಟ. ಸೂಟ್‌ಕೇಸಿಗೆ ಅಕ್ಕಿ ತುಂಬಿ ಸೊಸೆಯ ಕೈಗೆ ಕೊಟ್ಟ, ತಾನು ಗಡಿಯಾರ ಹಿಡಿದು ಹಿಂದೆ ಓಡಿದ. ನಾನು ಅರ್ಧ ಹಾದಿಯಲ್ಲಿ ಬೆಂಚು ಕಂಡು ಕೂತುಬಿಟ್ಟೆ. ಪ್ಯಾರಿಸ್ಸಿನಲ್ಲೂ ಬೆಂಚು ಇದ್ದೇ ಇರುತ್ತವೆ.

ಅಂದು ಸಂಜೆ ಸಂಘದ ಸೆಕ್ರೆಟರಿಯ ಹೆಂಡತಿ ಫೋನು ಮಾಡಿದಳು. ಮೈಸೂರಿನಾಕೆ, ಬಾಯಿ ಬಹಳ ಮೆತ್ತಗೆ, ಕಿವಿ ಮಾತ್ರ ಮೊರದಷ್ಟು.

“ಅಮ್ಮಾ, ಬಸ್ಸಿಂದ ನೋಡ್ದೆ. ನಿಮ್ಮ ಸೊಸೆ ಸೂಟ್‌ಕೇಸ್ ಎಳ್ಕೊಂಡು ಸಿಟ್ಟಲ್ಲಿ ಹೋಗ್ತಿದ್ರು, ನಿಮ್ಮ ಮಗ ಹಿಂದೆ ಓಡ್ತಿದ್ರು. ಎಲ್ಲಾ ಸರಿಯಾಗಿದೆ ತಾನೇ?”

ತಾಲೀಮು ಎಂದು ಹೇಳಬಹುದಿತ್ತು. ಆದರೆ ಮೂರು ವಾರದಿಂದ ನನ್ನ ಹತ್ತಿರ ಹೇಳಿಕೊಳ್ಳುವಂಥ ಒಂದು ಸುದ್ದಿ ಇರಲಿಲ್ಲ. ಅದೇ ಹೊತ್ತಿಗೆ ಪ್ಯಾರಿಸ್ಸಿನಿಂದ ಮುಂದಿನ ರೈಲಿನ ಮಲಗುವ ಡಬ್ಬಿಯ ಕಾಗದ ಮೇಜಿನ ಮೇಲಿತ್ತು. ಆ ರೈಲಿನಲ್ಲಿ ಹೆಂಗಸರಿಗೆ ಮೂರು ಹಾಸಿಗೆಯ ಡಬ್ಬಿ, ಗಂಡಸರಿಗೆ ಬೇರೆ ಡಬ್ಬಿ. ನಾನೂ ಸೊಸೆಯೂ ಒಂದರಲ್ಲಿ, ಮಗ ಇನ್ನೊಂದರಲ್ಲಿ.

“ಏನ್ ಹೇಳಲಿ ತಂಗಿ” ಅಂದೆ, ಒಂದು ಉಸಿರು ಬಿಟ್ಟು. “ರೈಲಿನಾಗ ಸುದ್ದಾ ಗಂಡಗ ಬ್ಯಾರೆ ಡಬ್ಬಿ, ಹೆಂಡತಿಗೆ ಬ್ಯಾರೆ ಡಬ್ಬಿ ಮಾಡಿಸ್ಯಾರ. ಯಾರ ಮುಂದನೂ ಹೇಳಬ್ಯಾಡ.”

ಒಂದಕ್ಷರ ಸುಳ್ಳಿದ್ದರೆ ಹೇಳಿರಿ!

ಸುದ್ದಿ ಶನಿವಾರ ಮ್ಯಾಂಚೆಸ್ಟರ್ ಮುಟ್ಟಿತು. ಭಾನುವಾರ ಮುಂಜಾನೆ ಲೀಡ್ಸಿನಿಂದ ನಮ್ಮ ಕಡೆಯ ಹಿರಿಯ ಡಾಕ್ಟರು, ಎಲ್ಲರೂ ಕಾಕಾ ಅನ್ನುವವರು, ಹೆಂಡತಿಯನ್ನು ಕರೆದುಕೊಂಡು ಕಾರು ಹೊಡೆದುಕೊಂಡು ಬಂದೇಬಿಟ್ಟರು. ಕೂತವರೇ ಗಂಟಲು ಸರಿಮಾಡಿಕೊಂಡು, ಸಂಸಾರ ಅಂದರೆ ಜೋಡೆತ್ತಿನ ಬಂಡಿ, ಒಂದೆತ್ತು ನೊಗ ಬಿಟ್ಟರೆ ಹೆಂಗ ಎಂದು ಶುರುಮಾಡಿದರು. ಮಗ ಬಾಯಿ ಬಿಟ್ಟುಕೊಂಡು ಕೇಳಿದ.

“ಕಾಕಾ, ಬಂಡಿ ಅಲ್ಲ, ರೈಲು” ಅಂದ.

ಸೊಸೆ ಜಾಣೆ. ಎದ್ದು ಹೋಗಿ ಆ ಕಾಗದ ತಂದು ಅವರ ಮುಂದೆ ಹಿಡಿದಳು. ಅವರು ಓದಿದರು. ಆಮೇಲೆ ನಾಲ್ವರೂ ತಿರುಗಿ ನನ್ನನ್ನು ನೋಡಿದರು. ನನಗೆ ಒಮ್ಮೆಲೇ ಒಲೆಯ ಮೇಲಿನ ಚಹಾ ನೆನಪಾಯಿತು.

ಅಡಿಗೆಮನೆಗೆ ಡಾಕ್ಟರ ಹೆಂಡತಿ ನನ್ನ ಬೆನ್ನಿಗೇ ಬಂದಳು. ಬೈಯಲು ಬಂದಳೆಂದು ಸೆರಗು ಬಿಗಿ ಮಾಡಿಕೊಂಡೆ. ಆಕೆ ಬಾಗಿಲು ಮುಂದೆ ಮಾಡಿ ಕಿವಿಯಲ್ಲಿ ಕೇಳಿದಳು:

“ಅಕ್ಕಾರ, ಆ ರೈಲಿನ ಟಿಕೇಟು ಎಲ್ಲಿ ಸಿಗತಾವ್ರಿ? ಮೂವತ್ತಾರು ವರ್ಷ ಆತು, ಇವರ ಗೊರಕಿ ಕೇಳಾಕ ಹತ್ತಿ.”

೪. ಶಿಲುಬೆ ದೋಣಿ, ಸುತ್ತಿಗೆ ದೋಣಿ

ದೋಣಿಯ ವೇಳಾಪಟ್ಟಿ ಇಟಲಿಯಿಂದ ಅಂಚೆಯಲ್ಲಿ ಬಂತು. ಎಲ್ಲವೂ ಅವರ ಭಾಷೆಯಲ್ಲೇ. ನನಗೆ ಬಹಳ ಸಂತೋಷವಾಯಿತು. ಇಟಲಿ ಭಾಷೆಯ ಮುಂದೆ ಮೂರನೇ ಇಯತ್ತೆಗೆ ಸಾಲೆ ಬಿಟ್ಟ ನಾನೂ, ಎಂಜಿನಿಯರಿಂಗ್ ಓದಿದ ಅವನೂ ಒಂದೇ.

ಕೆಲವು ದೋಣಿಯ ಮುಂದೆ ಒಂದು ಶಿಲುಬೆ, ಕೆಲವು ದೋಣಿಯ ಮುಂದೆ ಎರಡು ಸುತ್ತಿಗೆ ಅಡ್ಡಡ್ಡ. ಮಗ ಕನ್ನಡಕ ತೆಗೆದು ಹಾಕಿ, ಹಾಕಿ ತೆಗೆದು ನೋಡಿದ.

“ಇದರಾಗ ತಿಳೀಲಾರದ್ದು ಏನೈತಿ?” ಅಂದೆ. “ಶಿಲುಬಿ ಇದ್ದದ್ದು ಚರ್ಚಿಗೆ ಹೋಗೂ ಮಂದಿದು. ಸುತ್ತಿಗಿ ಇದ್ದದ್ದು ದುಡಿಯೂ ಮಂದಿದು. ನಮ್ಮಂಥ ಲಿಂಗ ಕಟ್ಟಿದವರು ಯಾವುದರಾಗ ಹತ್ತಬೇಕು, ಅದನ್ನ ಹುಡುಕು.”

ಹುಡುಕಿದರೆ ಲಿಂಗದ ಗುರುತು ಎಲ್ಲಿಯೂ ಇರಲಿಲ್ಲ. “ಸುಮ್ಮನಿರವ್ವಾ” ಅಂದ ಮಗ. ಆದರೆ ಬಾಯಿಯಲ್ಲಿ ಸುಮ್ಮನಿರು ಅಂದವನು, ಕೈಯಲ್ಲಿ ಸುತ್ತಿಗೆಯ ದೋಣಿಗೆ ನೀಲಿ ಗೆರೆ ಎಳೆದ. ಎಂಜಿನಿಯರಲ್ಲವೇ.

ಪಾರ್ಕಿನ ಹತ್ತಿರ ಐಸ್‌ಕ್ರೀಮ್ ವ್ಯಾನು ನಿಲ್ಲಿಸುವ ಮುದುಕ ಇಟಲಿಯವನು. ಸೊಸೆ ಅವನಿಗೆ ಕಾಗದ ತೋರಿಸಿ ಕೇಳಿಕೊಂಡು ಬಂದಳು. ಸುತ್ತಿಗೆ ಅಂದರೆ ವಾರದ ಕೆಲಸದ ದಿನ ಬಿಡುವ ದೋಣಿ, ಶಿಲುಬೆ ಅಂದರೆ ಭಾನುವಾರ, ಹಬ್ಬದ ದಿನ ಬಿಡುವ ದೋಣಿ. ನಾವು ಅಲ್ಲಿ ಮುಟ್ಟುವುದು ಭಾನುವಾರ. ಮಗನ ಗೆರೆ ನಂಬಿ ಹೋಗಿದ್ದರೆ ಆ ದೋಣಿಗೆ ಸೋಮವಾರದವರೆಗೆ ದಂಡೆಯಲ್ಲಿ ಕಾಯಬೇಕಿತ್ತು.

“ಏನಂದಂಗಾತು?” ಅಂದೆ ನಾನು. “ಭಾನುವಾರ ಚರ್ಚಿನವರದು, ಉಳಿದ ದಿನ ದುಡಿಯೂ ಮಂದಿದು. ನಾ ಹೇಳಿದ್ದರಾಗ ತಪ್ಪು ಎಲ್ಲೈತಿ ತೋರಸ್ರಿ!”

ಇನ್ನೂ ತೋರಿಸಿಲ್ಲ.

೫. ಪ್ರಸ್ಥಾನ

ಇನ್ನು ಈ ಕೊನೆಯದು. ಹೊರಡುವುದು ಶನಿವಾರ, ಶುಕ್ರವಾರದ ತನಕ ಸೊಸೆಗೆ ಕೆಲಸ. ಇಟಲಿ ಇರುವುದು ಮೂಡಣ ದಿಕ್ಕಿಗೆ. ಶನಿವಾರ ಮೂಡಣಕ್ಕೆ ಹೊರಡಬಾರದು, ಆ ದಿಕ್ಕಿಗೆ ಅಂದು ವಾರಶೂಲ, ಕೆಡುಕು. ಶರಣರು ಗಳಿಗೆ-ದಿಕ್ಕು ಏನೂ ನೋಡಬ್ಯಾಡ್ರಿ ಅಂದಿದ್ದಾರೆ, ಅದು ನನಗೂ ಗೊತ್ತು. ಆದರೆ ಶರಣರು ಇಷ್ಟು ರೈಲು ಬದಲಿಸಿರಲಿಲ್ಲ.

ಇದಕ್ಕೆ ನಮ್ಮ ಹಿರಿಯರು ಉಪಾಯ ಮಾಡಿಟ್ಟಿದ್ದಾರೆ, ಪ್ರಸ್ಥಾನ ಅಂತ. ಎರಡು ದಿನ ಮೊದಲು, ಒಳ್ಳೆಯ ಹೊತ್ತಿನಲ್ಲಿ, ಪ್ರಯಾಣದ ಒಂದು ಗಂಟನ್ನು ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಅಂದೇ ಶುರುವಾದ ಹಾಗೆ. ಶನಿವಾರ ಗಂಟು ಎತ್ತಿಕೊಂಡು ಮುಂದೆ ನಡೆದರಾಯಿತು. ಸೊಸೆಗೆ ಹೇಳಿದ್ದರೆ ನಗುತ್ತಿದ್ದಳು. ಹೇಳಲಿಲ್ಲ.

ಮೂಡಣಕ್ಕಿರುವುದು ಪಕ್ಕದ ಮನೆಯ ಇಂಗ್ಲಿಷರಾಕೆ. ನನ್ನದೇ ವಯಸ್ಸು, ನನ್ನ ಹಾಗೇ ಗಂಡನನ್ನು ಕಳೆದುಕೊಂಡಾಕೆ. ನನ್ನನ್ನು ‘ಡಕ್’ ಅನ್ನುತ್ತಾಳೆ, ಬಾತುಕೋಳಿ. ಈ ಕಡೆಯವರ ಪ್ರೀತಿ ಹಾಗೆ. ಆಕೆಗೆ ಕನ್ನಡ ಬರುವುದಿಲ್ಲ, ನನಗೆ ಇಂಗ್ಲಿಷು ಹತ್ತು ಮಾತಿಗೆ ಮುಗಿಯುತ್ತದೆ. ಆದರೂ ಎದುರು ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದರಲ್ಲಿ ನಮ್ಮಿಬ್ಬರ ಮಾತು ಎಂದೂ ತಪ್ಪಿಲ್ಲ.

ಗುರುವಾರ ಒಂದು ಕುಪ್ಪಸದ ಖಣದಲ್ಲಿ ಅಕ್ಕಿ, ಅಡಿಕೆ, ತೆಂಗಿನಕಾಯಿ ಕಟ್ಟಿದೆ. ಆಮೇಲೆ ನನಗೊಂದು ವಿಚಾರ ಹೊಳೆಯಿತು. ಅಕ್ಕಿ ಹೋಗಿ ಏನು ಮಾಡೀತು, ಹೋಗಬೇಕಾದದ್ದು ಟಿಕೇಟು. ಮಗನ ಖಾನೆಯಿಂದ ಟಿಕೇಟಿನ ಲಕೋಟೆ ತೆಗೆದು ಗಂಟಿನ ಮೇಲಿಟ್ಟೆ. ಆಕೆಯ ಬಾಗಿಲಿಗೆ ಹೋಗಿ ಗಂಟನ್ನು ಕೈಯಲ್ಲಿಟ್ಟು, ಮೂಡಣಕ್ಕೆ ಬೆರಳು ತೋರಿಸಿ, “ಇಟಲಿ. ಸ್ಯಾಟರ್ಡೇ. ಮಾರ್ನಿಂಗ್. ಗೋ” ಅಂದೆ. ಆಕೆ ಲಕೋಟೆ ತೆರೆದು ನೋಡಿದಳು. ಕಣ್ಣಲ್ಲಿ ನೀರು ತಂದುಕೊಂಡು ನನ್ನನ್ನು ಅಪ್ಪಿಕೊಂಡಳು. ಒಂದು ಗಂಟಿಗೆ ಇಷ್ಟು ಅಳುವುದೇ ಅನ್ನಿಸಿತು. ಮರುದಿನ ಬಾಗಿಲ ಸಂದಿಯಲ್ಲಿ ಆಕೆಯ ಕೈಬರಹದ ಕಾರ್ಡು ಬಿತ್ತು. ನನಗೆ ಇಂಗ್ಲಿಷು ಓದಲು ಬರುವುದಿಲ್ಲ. ಹೂವಿನ ಚಿತ್ರ ಚೆನ್ನಾಗಿತ್ತೆಂದು ದೇವರ ಮುಂದೆ ಇಟ್ಟೆ.

ಶನಿವಾರ ಮುಂಜಾನೆ ಟ್ಯಾಕ್ಸಿ ಬಂದು ನಿಂತಿದೆ, ಮಗ ಖಾನೆ ತೆಗೆದ, ಟಿಕೇಟು ಇಲ್ಲ. ಮೇಲೆ ಓಡಿದ, ಕೆಳಗೆ ಓಡಿದ, ಅಕ್ಕಿಯ ಡಬ್ಬಿಯೊಳಗೂ ಕೈ ಹಾಕಿದ. ಸೊಸೆ ಕೋಟು ಹಾಕಿಕೊಂಡವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಹೋತು ನನ್ನ ವಾರ” ಅಂದಳು, ಅಷ್ಟೇ. ಅತ್ತಿದ್ದರೆ ಚಲೋ ಇತ್ತು. ನಾನು ಕುರ್ಚಿ ಬಿಟ್ಟು ಎದ್ದೆ.

“ಟಿಕೇಟು ಗುರುವಾರನ ಹೊಂಟಾವ, ತಮ್ಮಾ” ಅಂದೆ.

“ಎಲ್ಲಿಗೆ?”

“ಪಕ್ಕದ ಮನಿಗೆ.”

ಅವನು ನನ್ನನ್ನು ಏನನ್ನಬೇಕೆಂದು ಹುಡುಕುತ್ತಿರುವಾಗಲೇ ಬಾಗಿಲ ಗಂಟೆ ಬಡಿಯಿತು. ಬಾಗಿಲು ತೆಗೆದರೆ ಪಕ್ಕದ ಮನೆಯಾಕೆ! ತಲೆಗೆ ಹ್ಯಾಟು, ಕೊರಳಿಗೆ ನನ್ನ ಖಣ ಸುತ್ತಿಕೊಂಡಿದ್ದಾಳೆ, ಒಂದು ಕೈಯಲ್ಲಿ ಸೂಟ್‌ಕೇಸು, ಬಗಲಲ್ಲಿ ತೆಂಗಿನಕಾಯಿ. ಟಿಕೇಟಿನ ಲಕೋಟೆ ಎದೆಗೆ ಒತ್ತಿ ಹಿಡಿದಿದ್ದಾಳೆ. ಆಕೆ ಹೇಳಿದ್ದನ್ನು ಸೊಸೆ ಆಮೇಲೆ ನನಗೆ ಕನ್ನಡದಲ್ಲಿ ಹೇಳಿದಳು. ನಾನು ಹದಿನೈದು ದಿನದಿಂದ ಬೇಲಿಯ ಹತ್ತಿರ ಮೊಣಕಾಲು ಹಿಡಿದು, ರೈಲು ಅಂದರೆ ತಲೆ ಅಲ್ಲಾಡಿಸುತ್ತಿದ್ದೆನಂತೆ. ಲಕೋಟೆಯ ಮೂರು ಟಿಕೇಟಿನಲ್ಲಿ ಎರಡು ಮಗ-ಸೊಸೆಯವು, ಮೂರನೆಯದು ತನಗೆ ಅಂದುಕೊಂಡು, ‘ಪಾಪ, ತನಗೆ ಆಗುವುದಿಲ್ಲವೆಂದು ತನ್ನ ಟಿಕೇಟು ನನಗೆ ದಾನ ಮಾಡಿದಳು, ಇಂಥ ಗೆಳತಿ ಯಾರಿಗುಂಟು’ ಎಂದು ಆಕೆ ಇಡೀ ಓಣಿಗೆ ಹೇಳಿಕೊಂಡು ಬಂದಿದ್ದಳು.

ಮಗ ಹ್ಯಾಟು ನೋಡಿದ, ಕಾಯಿ ನೋಡಿದ, ನನ್ನನ್ನು ನೋಡಿದ. ಈ ದೇಶದಲ್ಲಿ ಬೇಡ ಅನ್ನುವ ಮಾತನ್ನು ಮುಖದ ಮೇಲೆ ಹೇಳುವ ರೂಢಿ ಇಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ನಗು ಕೇಳಿಸಿತು. ಸೊಸೆ ಕಂಬಿ ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ.

“ಟ್ಯಾಕ್ಸಿಯಾಗ ನಾಕು ಮಂದಿ ಹಿಡಿಸತೀವಿ” ಅಂದಳು. “ನಡೀರಿ.”

ಮಗನ ಪಟ್ಟಿಯಲ್ಲಿ ಇಲ್ಲದ ನಾಲ್ಕನೇ ಟಿಕೇಟು ಲಂಡನ್ ಸ್ಟೇಷನ್ನಿನ ಕಿಟಕಿಯಲ್ಲಿ ಐದು ನಿಮಿಷಕ್ಕೆ ಸಿಕ್ಕಿತು. ನಮ್ಮ ಡಬ್ಬಿಯ ಮೂರನೇ ಹಾಸಿಗೆಯೂ ಖಾಲಿ ಇತ್ತು. ಮೂರು ತಿಂಗಳು ಗೆರೆ ಎಳೆದವನು ಮಿಲಾನಿನ ತನಕ ಪಟ್ಟಿ ಬಿಡಿಸಿಕೊಂಡು, ಆ ನಾಲ್ಕನೆಯದಕ್ಕೆ ಯಾವ ಬಣ್ಣದ ಗೆರೆ ಎಂದು ಹುಡುಕುತ್ತಿದ್ದ.

ಸರೋವರದಲ್ಲಿ ನಾವಿಬ್ಬರು ಮುದುಕಿಯರು ಮುಂಜಾನೆ ದೋಣಿ ಹತ್ತಿದರೆ ಸಂಜೆಗೇ ಇಳಿಯುವುದು. ಈ ದಂಡೆಯಿಂದ ಆ ದಂಡೆ, ಮತ್ತೆ ಈ ದಂಡೆ. ದೋಣಿಯ ಬಿಳಿ ಅಂಗಿಯವನೊಬ್ಬ ಒಂದೊಂದು ಕಟ್ಟೆಯಲ್ಲಿ ಒಬ್ಬೊಬ್ಬ ಹುಡುಗಿಯನ್ನು ಇಳಿಸಿ ಮುತ್ತು ಕೊಟ್ಟು ಕಳಿಸುತ್ತಿದ್ದ. ಪಕ್ಕದ ಮನೆಯಾಕೆ ನನ್ನನ್ನು ಮೊಣಕೈಯಲ್ಲಿ ತಿವಿದಳು, ನಾನೂ ತಿವಿದೆ. ಇನ್ನೇನು ಭಾಷೆ ಬೇಕು? ಯಾರಿಗಾದರೂ ಮೊಣಕಾಲು ತೋರಿಸುವ ನೆನಪೇ ನನಗೆ ಬರಲಿಲ್ಲ. ದೋಣಿ ಬೆಲ್ಲಾಜಿಯೋ ಹತ್ತಿರ ಬಂದಾಗಲೆಲ್ಲ ದಂಡೆಯ ಮೇಲೆ ಸೊಸೆ ಕಾಣುತ್ತಿದ್ದಳು. ಚಪ್ಪಲಿ ಬಿಟ್ಟು, ಕಾಲು ಚಾಚಿ, ಕೈಯಲ್ಲಿ ಕಾಫಿಯ ಕಪ್ಪು, ಬಾಜೂಕೆ ಗಂಡ. ನಾನು ಕೈ ಬೀಸಿದೆ. ನೋಡಿಯೂ ನೋಡದ ಹಾಗೆ ಕೂತಳು. ಶಾಣ್ಯಾಕಿ.

ಮುಂದಿನ ವರ್ಷದ ರೋಟಾ ಬಂದ ದಿನ ಮಗ ಹೊಸ ಕಾಗದ ತಂದು ಕೆಂಪು ಪೆನ್ನಿನ ಟೊಪ್ಪಿಗೆ ತೆಗೆದ. ಸೊಸೆ ಪೆನ್ನು ಕಸಿದುಕೊಂಡು ನನ್ನ ಕಡೆ ತಿರುಗಿದಳು.

“ಅತ್ಯಾರ, ಇವರ ಪಟ್ಟಿ ಆಮ್ಯಾಲೆ. ನೀವು ಮೊದಲ ಹೋಗಿ ಪಕ್ಕದ ಮನಿಯಾಗ ಗಂಟು ಇಟ್ಟು ಬರ್ರಿ.”