ಎಳನೀರು ಕುಡಿದ ಕಾರು

ಮದುವೆ ಗಂಡನ್ನು ಮಂಟಪಕ್ಕೆ ತಲುಪಿಸುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಗಂಡು ಕೂರಬೇಕು, ಕಾರು ಓಡಬೇಕು, ಅಷ್ಟೇ. ಗಂಡು ಕೂರಲು ತಯಾರಿದ್ದ. ಕಾರು ನನ್ನದೇ. ಹೀಗಿರುವಾಗ ಚಿಂತೆ ಯಾತಕ್ಕೆ ಎಂದು ನಾನು ಮನೆಯವರನ್ನೆಲ್ಲ ಕೇಳಿದೆ. ನನ್ನ ಹೆಂಡತಿ ಸರೋಜ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಎದ್ದು ಹೋಗಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕ. ನನಗೆ ವಹಿಸಿದ್ದ ಪಾಠ ಶಾಖ. ನನ್ನ ಕಾರು ಬ್ರಿಟಿಷರು ಬಿಟ್ಟುಹೋದದ್ದು. ಆಮೆಯಂತೆ ದುಂಡು ಬೆನ್ನು, ಮುಂದೆ ಚಾಚಿಕೊಂಡ ಎರಡು ದೀಪ, ಮುದುಕರ ಕೆಮ್ಮಿನಂಥ ಹಾರ್ನು. ಅದನ್ನು ನನಗೆ ಮಾರಿದ ನಿವೃತ್ತ ಡಾಕ್ಟರು ಬೀಗದ ಕೈ ಕೊಡುವಾಗ ಕಣ್ಣೊರೆಸಿಕೊಂಡರು. ಅದು ಆನಂದಬಾಷ್ಪ ಎಂದು ನನಗೆ ಆಮೇಲೆ ತಿಳಿಯಿತು. ರೇಡಿಯೇಟರು ಎಲ್ಲೋ ಸೋರುತ್ತಿತ್ತು. ಎಲ್ಲಿ ಎಂದು ಯಾವ ಮೆಕ್ಯಾನಿಕ್ಕಿಗೂ ಸಿಗಲಿಲ್ಲ. ಹಾಗಾಗಿ ಹಿಂದಿನ ಸೀಟಿನ ಮುಂದೆ ಒಂದು ಸೀಮೆಎಣ್ಣೆ ಡಬ್ಬದ ತುಂಬ ನೀರು ಸದಾ ಇರುತ್ತಿತ್ತು. ಕಾರನ್ನೂ ಡಬ್ಬವನ್ನೂ ನಂಬಿಕೊಂಡು ಮೈಸೂರಿನಿಂದ ದಬ್ಬೇಘಟ್ಟದ ಹತ್ತಿರವಿರುವ ನನ್ನ ಮಾವನ ಮನೆಗೆ ಬಂದಿದ್ದೆವು. ಸರೋಜಳ ತಮ್ಮ ರಂಗಸ್ವಾಮಿಯ ಮದುವೆ. ಹುಡುಗಿಯ ಊರು ಸಂಪಿಗೆ. ಅಲ್ಲಿನ ಶ್ರೀನಿವಾಸನ ಗುಡಿಯಲ್ಲೇ ಧಾರೆ, ಅದೂ ನಡುಮಧ್ಯಾಹ್ನದ ಅಭಿಜಿನ್ ಲಗ್ನದಲ್ಲಿ.

ಮಾವನವರು ನೆಂಟರಿಷ್ಟರಿಗೆಲ್ಲ ಒಂದು ಬಸ್ಸು ಗೊತ್ತು ಮಾಡಿದ್ದರು. "ಗಂಡೂ ಬಸ್ಸಲ್ಲೇ ಬರ್ಲಿ ಬುಡಿ ಅಳಿಯಂದ್ರೆ. ಎಲ್ಲಾ ಒಟ್ಟಿಗೆ ಹೋದ್ರೆ ಒಟ್ಟಿಗೇ ತಲುಪ್ತೀವಿ" ಎಂದರು. ನನಗೆ ಅವಮಾನವಾಯಿತು. ಮೈಸೂರಿನಿಂದ ಅಳಿಯ ಕಾರು ತಂದಿರುವಾಗ ಮದುವಣಿಗ ಬಸ್ಸಿನ ಬಾಗಿಲಲ್ಲಿ ತರಕಾರಿ ಕುಕ್ಕೆಗಳ ನಡುವೆ ನುಸುಳಿ ಇಳಿಯುವುದೇ? ಬೀಗರು ಏನೆಂದಾರು? ಮುಹೂರ್ತಕ್ಕೆ ಮುಂಚೆ ರಂಗಸ್ವಾಮಿಯನ್ನು ಹಸೆಮಣೆಗೆ ತಲುಪಿಸುವ ಹೊಣೆ ನನ್ನದು ಎಂದು ಎದೆ ತಟ್ಟಿ ಹೇಳಿದೆ. ಮಾವನವರು ಮಗನನ್ನು ಕಾಶಿಗೆ ಕಳಿಸುವವರ ಹಾಗೆ ಒಮ್ಮೆ ನೋಡಿ ಬಸ್ಸು ಹತ್ತಿದರು.

ನಾನು ಬೇಕೆಂದೇ ತಡಮಾಡಿದೆ. ಎಲ್ಲರೂ ಮುಂಚೆ ಹೋಗಿ ಸೇರಿ, ದಾರಿ ಕಾಯುತ್ತ ನಿಂತು, ಆಗ ಕಾರು ಬಂದರೆ ಅದರ ಗತ್ತೇ ಬೇರೆ. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದೆ. ರೇಷ್ಮೆ ಜುಬ್ಬ ಹಾಕಿದ ಮದುವಣಿಗನ ಕಾಲ ಬುಡದಲ್ಲಿ ಸೀಮೆಎಣ್ಣೆ ಡಬ್ಬ ಶೋಭೆಯಲ್ಲ ಎಂದು ಅದನ್ನು ಜಗುಲಿಯ ಮೇಲಿಟ್ಟೆ. ಸರೋಜ ಅದನ್ನು ತಂದು ಕಾರಿನಲ್ಲಿಟ್ಟಳು. ನಾನು ಮತ್ತೆ ಜಗುಲಿಗೆ ಸಾಗಿಸಿದೆ. ಅವಳು ಸುಮ್ಮನೆ ನಕ್ಕಳು. ಆ ನಗುವಿನ ಅರ್ಥ ಗೊತ್ತಾಗುವಷ್ಟು ವರ್ಷ ನಮ್ಮ ಮದುವೆಗೆ ಆಗಿತ್ತು. ಆದರೂ ಗಾಡಿ ಸ್ಟಾರ್ಟ್ ಮಾಡಿದೆ.

ತುರುವೇಕೆರೆಯವರೆಗೆ ಕಾರು ಅರಮನೆಯ ಆನೆಯಂತೆ ಹೋಯಿತು. ನಾನು ಹಿಂದೆ ತಿರುಗಿ, "ಏನಪ್ಪ, ಬಸ್ಸಿನಲ್ಲಿ ಈ ಸುಖ ಇರುತ್ತಿತ್ತಾ?" ಎಂದು ಕೇಳಿದೆ. ರಂಗಸ್ವಾಮಿ ಮಾತು ಕಮ್ಮಿಯ ಹುಡುಗ. "ಮುಂದ್ ನೋಡಿ ಭಾವ" ಎಂದ. ಮುಂದೆ ನೋಡಿದೆ. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಎರಡು ಸಲ ಕೆಮ್ಮಿ, ಒಂದು ಸಲ ನರಳಿ, ಕಾರು ರಸ್ತೆಯ ಮಗ್ಗುಲಿಗೆ ಹೋಗಿ ನಿಂತಿತು.

ಎಡಕ್ಕೂ ತೆಂಗು, ಬಲಕ್ಕೂ ತೆಂಗು. ಒಂದು ಗಾಡಿಯ ಸದ್ದೂ ಇಲ್ಲ. ಬೇಸಿಗೆಯ ಬಿಸಿಲು ನೆತ್ತಿಗೆ ಏರುತ್ತಿತ್ತು. ಸರೋಜ ಕೆಳಗಿಳಿದು ನೆರಳಲ್ಲಿ ನಿಂತು ಜಗುಲಿ ಎಂಬ ಒಂದೇ ಪದವನ್ನು ಹೇಳಿದಳು.

ಕಾರು ಕೆಮ್ಮಿದ ಸದ್ದು ಕೇಳಿ ತೋಟದ ಯಜಮಾನರು ಬಂದರು. ಕೆಂಪಣ್ಣ ಎಂದು ಹೆಸರು. ನೀರು ಬೇಕಿತ್ತು ಎಂದೆ. ಪಂಪ್‌ಸೆಟ್ಟಿಗೆ ಕರೆಂಟಿಲ್ಲ, ಸಂಜೆಗೆ ಬಂದರೆ ಬಂತು. ಬಾವಿಯಲ್ಲಿ ಸೇದೋಣವೆಂದರೆ ನೀರು ಪಾತಾಳ ಸೇರಿದೆ, ಹಗ್ಗ ನಿಲುಕುವುದಿಲ್ಲ ಎಂದರು. ಮುಂದಿನ ತಿರುವಿನಲ್ಲಿ ಊರಿದೆ, ಅಲ್ಲಿಗೆ ನಡೆದುಹೋಗಿ ಒಂದು ಬಿಂದಿಗೆ ತರೋಣ ಎಂದು ಸರೋಜ ಹೇಳಿದಳು. ಮದುವೆ ಮನೆಯ ಹೆಂಗಸು ಬಿಂದಿಗೆ ಹೊತ್ತು ಬರುವುದನ್ನು ಯಾರಾದರೂ ಕಂಡರೆ ನನ್ನ ಮಾನದ ಗತಿಯೇನು? ಬೇಡವೇ ಬೇಡ ಎಂದೆ.

ಅಷ್ಟರಲ್ಲಿ ಕೆಂಪಣ್ಣ ಆ ಸೀಮೆಯ ಜನ ಮಾಡುವ ಕೆಲಸವನ್ನು ಮಾಡಿದ್ದರು. ತೋಟದ ಮುಂದೆ ನಿಂತವರು ಎಳನೀರು ಕುಡಿಯದೆ ಹೋಗುವುದುಂಟೆ? ಒಂದು ಗೊನೆ ಇಳಿಸಿ, ಮಚ್ಚಿನಿಂದ ಕೆತ್ತಿ, ಮೂವರ ಕೈಗೂ ಒಂದೊಂದು ಕೊಟ್ಟರು. ಎತ್ತಿ ಕುಡಿದೆ. ಗಂಟಲಿಂದ ಹೊಟ್ಟೆಯವರೆಗೆ ತಣ್ಣಗೆ ಇಳಿಯಿತು. ಹಿಂದೆ ಒಬ್ಬ ಮಹಾನುಭಾವನಿಗೆ ಮರದಿಂದ ಹಣ್ಣು ಬಿದ್ದಾಗ ಜ್ಞಾನೋದಯವಾಯಿತಂತೆ. ನನಗೆ ಎಳನೀರಿನ ಬುರುಡೆ ಕೈಗೆ ಬಂದಾಗ ಆಯಿತು.

"ಕೆಂಪಣ್ಣ, ಎಳನೀರು ತಂಪಲ್ಲವಾ?" ಎಂದು ಕೇಳಿದೆ.

"ತಂಪು ಅಂದ್ರೆ ತಂಪು ಸಾಮಿ. ಎಂಥಾ ಉಷ್ಣ ಆಗಿದ್ರೂ ಇಳಿಸ್ಬುಡ್ತೈತೆ."

"ಕಾರಿಗೆ ಆಗಿರುವುದೂ ಉಷ್ಣವೇ" ಎಂದೆ.

"ಭಾವ, ಅದು ಮನುಷ್ಯರಿಗೆ ಅಲ್ವಾ?" ಎಂದು ರಂಗಸ್ವಾಮಿ ಮೆಲ್ಲಗೆ ಕೇಳಿದ. ಕೆಂಪಣ್ಣ ಗಲ್ಲ ಕೆರೆದುಕೊಂಡು ಬಹಳ ಗಂಭೀರವಾಗಿ ಯೋಚಿಸಿ, "ದನಕ್ಕೂ ಕುಡಿಸ್ತೀವಿ ಕಣಪ್ಪ" ಎಂದರು. ಶಾಸ್ತ್ರದ ಆಧಾರ ಸಿಕ್ಕಿತು. ಇನ್ನೇನು ಬೇಕು?

ಎಂಜಿನ್ನು ತಣಿಯಲಿ ಎಂದು ಕಾದೆವು. ಆ ಹೊತ್ತಿನಲ್ಲಿ ಒಂದಲ್ಲ, ನಾಲ್ಕು ಬಿಂದಿಗೆ ನೀರು ಹೊತ್ತು ತರಬಹುದಿತ್ತು ಎಂದು ಸರೋಜ ಈಗಲೂ ಹೇಳುತ್ತಾಳೆ. ಕೆಂಪಣ್ಣ ಒಂದೊಂದೇ ಕಾಯಿಯನ್ನು ತಟ್ಟಿ ನೋಡಿ ಆರಿಸಿದರು. ಗಂಜಿ ಕಟ್ಟಿದ್ದು ಬೇಡ, ಕಾರಿಗೆ ಅರಗುವುದಿಲ್ಲ, ಬರೀ ನೀರಿರುವುದೇ ಆಗಬೇಕು ಎಂಬುದು ಅವರ ತೀರ್ಮಾನ. ಅವರು ಕೆತ್ತಿ ಕೊಟ್ಟರು, ನಾನು ಮಂತ್ರ ಹೇಳುವ ಪುರೋಹಿತನಷ್ಟೇ ಶ್ರದ್ಧೆಯಿಂದ ರೇಡಿಯೇಟರಿಗೆ ಹುಯ್ದೆ. ಶ್ರೀನಿವಾಸನಿಗೂ ಅಂದು ಅಷ್ಟು ಎಳನೀರಿನ ಅಭಿಷೇಕ ಆಗಿರಲಾರದು.

ಕಾರು ಓಡಿತು! ನಾನು ಮಾತ್ರ ಸುಮ್ಮನೆ ಓಡಿಸಲಿಲ್ಲ. ನೀರೆಂದರೆ ಏನು, ಎಳನೀರೆಂದರೆ ಏನು, ಎರಡರಲ್ಲೂ ಇರುವುದು ಏನು ಎಂದು ದಾರಿಯುದ್ದಕ್ಕೂ ಪಾಠ ಮಾಡಿದೆ. ಎಳನೀರಿನಲ್ಲಿ ಸಕ್ಕರೆ ಇರುತ್ತದೆ, ಸಕ್ಕರೆ ಕಾದರೆ ಪಾಕವಾಗುತ್ತದೆ ಎಂಬ ಅಂಶ ಆ ಪಾಠದಲ್ಲಿ ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಭಾವ, ಕೊಬ್ರಿ ಮಿಠಾಯಿ ವಾಸ್ನೆ ಬತ್ತೈತೆ" ಎಂದ ರಂಗಸ್ವಾಮಿ. ಮದುವೆ ಅಡುಗೆ ಘಮಘಮ ಎನ್ನುತ್ತಿದೆ, ಸಂಪಿಗೆ ಹತ್ತಿರ ಬಂತು ಎಂದೆ.

ಸಂಪಿಗೆ ಬಂದೇ ಬಂತು. ಗುಡಿಯ ಚಪ್ಪರದ ಮುಂದೆ ಓಲಗದವರು, ಆರತಿ ಹಿಡಿದ ಮುತ್ತೈದೆಯರು, ಎಲ್ಲರಿಗೂ ಮುಂದೆ ಹುಡುಗಿಯ ಸೋದರಮಾವ ತಿಮ್ಮೇಗೌಡರು. ಆ ಮನೆಯಲ್ಲಿ ಅವರ ಮಾತೇ ಮಾತು. ಕಾರು ಸರಿಯಾಗಿ ಅವರ ಮುಂದೆ ಹೋಗಿ ನಿಂತಿತು. ನಾನು ಬ್ರೇಕು ಹಾಕಿರಲಿಲ್ಲ, ಅದಾಗಿಯೇ ನಿಂತಿತು. ರಂಗಸ್ವಾಮಿ ಇಳಿದ. ಮಾವನವರ ಮುಖದಲ್ಲಿ ಜೀವ ಬಂತು. ಅಲ್ಲಿಗೆ ನನ್ನ ಹೊಣೆ ಮುಗಿದಿತ್ತು. ಸುಮ್ಮನೆ ಪಕ್ಕಕ್ಕೆ ಸರಿದು ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬಾನೆಟ್ಟಿನಿಂದ ಹಬೆ ಬರುತ್ತಿರುವುದನ್ನು ಕಂಡು ತಿಮ್ಮೇಗೌಡರು ಏನಾಯಿತೆಂದು ವಿಚಾರಿಸಿದರು. ಏನೂ ಇಲ್ಲ, ಒಂದು ನಿಮಿಷದ ಕೆಲಸ ಎಂದು ಬಾನೆಟ್ಟು ಎತ್ತಿ, ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು ಎಂದು ನಾನೇ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಹುಡುಗರು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ, ನಾನಂತೂ ಕೇಳಿಸಿಕೊಂಡಿರಲಿಲ್ಲ. ಕಂದು ಬಣ್ಣದ ಕಾರಂಜಿಯೊಂದು ಚಪ್ಪರದ ಮಾವಿನ ಸೊಪ್ಪಿನವರೆಗೆ ಎದ್ದು, ಅಲ್ಲೇ ಆರಿ, ಉಗುರುಬೆಚ್ಚಗಾಗಿ, ಆರತಿಗೆ ಕಾದು ನಿಂತಿದ್ದ ರಂಗಸ್ವಾಮಿಯ ನೆತ್ತಿಯಿಂದ ಪಾದದವರೆಗೆ ಇಳಿಯಿತು. ನನ್ನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಓಲಗದವರು ತಟಕ್ಕನೆ ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ಜೋರಾಗಿ ಊದತೊಡಗಿದರು. ಗಂಡಿನ ಕಡೆಯವರ ಶಾಸ್ತ್ರವಿರಬೇಕು ಎಂದುಕೊಂಡರೋ ಏನೋ.

ಸ್ನಾನ ಮಾಡಿಸಲು ಹೊತ್ತಿಲ್ಲ, ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಗಡಿಬಿಡಿ ಮಾಡಿದರು. ಒದ್ದೆ ಟವೆಲಿನಲ್ಲಿ ಒರೆಸಿದೆವು. ಒರೆಸಿದಷ್ಟೂ ಅಂಟು ಹರಡಿತು. ಬೀಗರು ಕೊಟ್ಟ ಹೊಸ ಪಂಚೆ, ಶಲ್ಯ, ಪೇಟಗಳನ್ನು ಆ ಪಾಕದ ಮೇಲೆಯೇ ತೊಡಿಸಿದೆವು. ಶಲ್ಯ ಜಾರುತ್ತದೆಂಬ ಭಯವಿರಲಿಲ್ಲ.

ಇನ್ನು ಗುಡಿಯೆಂದರೆ ದಿನವೂ ಕಾಯಿ ಒಡೆಯುವ ಜಾಗ. ಅಲ್ಲಿನ ಇರುವೆಗಳು ಅನುಭವಸ್ಥರು. ರಂಗಸ್ವಾಮಿ ಹಸೆಮಣೆಯ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಅವನ ಎಡಗಾಲು ಅದುರಿತು. ಆಮೇಲೆ ಭುಜ ಕುಣಿಯಿತು. ಆಮೇಲೆ ಕತ್ತನ್ನು ಒಂದು ಪಕ್ಕಕ್ಕೆ ಎಳೆದು, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿದ. ಮರ್ಯಾದಸ್ಥ ಹುಡುಗ, ಮಂತ್ರದ ನಡುವೆ ಕೆರೆದುಕೊಳ್ಳಬಾರದೆಂದು ತಡೆದುಕೊಳ್ಳುತ್ತಿದ್ದ. ನೋಡುವವರಿಗೆ ಬೇರೆಯೇ ಕಾಣುತ್ತಿತ್ತು. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಅಂತರಪಟ ಹಿಡಿದಿದ್ದಾರೆ, ಇನ್ನೇನು ಧಾರೆ ಎನ್ನುವಾಗ ತಿಮ್ಮೇಗೌಡರು ಕೈ ಎತ್ತಿದರು. ಓಲಗ ನಿಂತಿತು.

"ಬೀಗ್ರೇ, ಹುಡುಗಂಗೆ ಏನೋ ಕಾಯ್ಲೆ ಐತೆ. ಮೊದ್ಲೇ ಹೇಳ್ಬೇಕಾಗಿತ್ತು" ಎಂದು ಮಾವನವರಿಗೆ ಹೇಳಿದರು. "ನಮ್ ಹುಡ್ಗೀನ ನಾವು ಕಣ್ ಮುಚ್ಕಂಡು ಕೊಡಕಾಯ್ತದಾ?"

ಮಾವನವರ ಮುಖ ಬಿಳಿಚಿಕೊಂಡಿತು. ಅವರು ನನ್ನನ್ನು ನೋಡಿದರು. ಒಳ್ಳೆಯ ಹುಡುಗನ ಮದುವೆ ನನ್ನ ಗತ್ತಿನ ದೆಸೆಯಿಂದ ಮುರಿದುಬೀಳುತ್ತಿತ್ತು. ಮುಂದೆ ಬಂದು ಕೈಮುಗಿದೆ. ಹುಡುಗನಿಗೆ ಏನೂ ಇಲ್ಲ, ಕಚ್ಚುತ್ತಿರುವುದು ಇರುವೆ, ನಾನು ರೇಡಿಯೇಟರಿಗೆ ಎಳನೀರು ಹುಯ್ದಿದ್ದೆ, ಅದೇ ಅವನ ಮೈಮೇಲೆ ಬಿದ್ದದ್ದು ಎಂದೆ.

ತಿಮ್ಮೇಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನು ಕೆಲಸದಲ್ಲಿದ್ದೀರಿ ಎಂದು ಕೇಳಿದರು. ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎಂದೆ. ಯಾವ ಪಾಠ ಎಂದರು. ಶಾಖ, ಎಂಜಿನ್ನು, ಇಂಥವೇ ಎಂದೆ.

"ಹಂಗಾದ್ರೆ ನೀವು ಇಂಥಾ ಕೆಲ್ಸ ಮಾಡಿರಕಿಲ್ಲ. ಹುಡುಗನ್ನ ಉಳಿಸ್ಕಳಕೆ ಸುಳ್ಳು ಹೇಳ್ತಿದ್ದೀರಿ."

ನನ್ನ ಬುದ್ಧಿಯ ಮೇಲೆ ಅಷ್ಟು ನಂಬಿಕೆ ಇಟ್ಟವರು ಅದಕ್ಕೆ ಮುಂಚೆಯೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ನಾನು ದಡ್ಡ ಎಂದು ಪರಿಪರಿಯಾಗಿ ವಾದಿಸಿದೆ. ನಾನು ವಾದಿಸಿದಷ್ಟೂ ಅವರಿಗೆ ನಾನು ಭಾರೀ ಬುದ್ಧಿವಂತನಂತೆ ಕಂಡೆ. ಓದಿದವರು ಎಷ್ಟು ವಿನಯವಂತರು ಎಂದು ಪಕ್ಕದಲ್ಲಿದ್ದ ಯಜಮಾನರೊಬ್ಬರು ತಲೆದೂಗಿದರು! ಪುರೋಹಿತರು ಗಡಿಯಾರ ನೋಡುತ್ತಿದ್ದರು.

ಆಗ ಸರೋಜ ಎದ್ದು ಬಂದಳು. ಸೆರಗು ಸರಿಮಾಡಿಕೊಂಡು, "ಗೌಡ್ರೇ, ಇಷ್ಟು ವರ್ಷ ಇವರ ಜೊತೆ ಸಂಸಾರ ಮಾಡಿದೀನಿ. ಇವರು ಮಾಡ್ತಾರೆ ಕಣ್ರೀ" ಎಂದಳು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಳೆಗಾಲದಲ್ಲಿ ರೇಡಿಯೋಗೆ ಥಂಡಿ ಹಿಡಿದಿದೆ ಎಂದು ನಾನು ಅದನ್ನು ಒಲೆಯ ಪಕ್ಕ ಇಟ್ಟು ಕರಗಿಸಿದ್ದು, ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದ ಮೇಲೆ ಅದು ಹಿಂದಕ್ಕೆ ಓಡಿದ್ದು, ಸೊಳ್ಳೆ ಓಡಿಸಲು ಹೊಗೆ ಹಾಕಿ ಬೀದಿಯ ಜನ ಬಿಂದಿಗೆಗಳೊಂದಿಗೆ ಬೆಂಕಿ ಆರಿಸಲು ನುಗ್ಗಿದ್ದು, ಕೊನೆಗೆ ಜಗುಲಿಯ ಮೇಲೆ ಬಿಟ್ಟು ಬಂದ ಡಬ್ಬ, ಎಲ್ಲವನ್ನೂ ಒಂದಾದ ಮೇಲೊಂದರಂತೆ ಸಭೆಯ ಮುಂದಿಟ್ಟಳು. ಎರಡೂ ಕಡೆಯ ನೆಂಟರು ಹತ್ತಿರ ಹತ್ತಿರ ಸರಿದು ಕೂತರು. ಪುರೋಹಿತರು ಗಡಿಯಾರ ಮರೆತರು. ಅಂತರಪಟ ಹಿಡಿದವರ ಕೈ ನಗುವಿಗೆ ಕುಲುಕುತ್ತಿತ್ತು. ಅವಳು ಇನ್ನೊಂದು ಶುರುಮಾಡುವಷ್ಟರಲ್ಲಿ ತಿಮ್ಮೇಗೌಡರು, "ಸಾಕು ಬುಡವ್ವ, ನಂಬಿದೆ" ಎಂದರು. ಆಮೇಲೆ ಬಹಳ ಮರುಕದಿಂದ ನನ್ನ ಕಡೆ ತಿರುಗಿ, ಮದುವಣಿಗನಿಗೂ ನನಗೂ ರಕ್ತಸಂಬಂಧವೇನೂ ಇಲ್ಲವಷ್ಟೆ ಎಂದು ವಿಚಾರಿಸಿದರು. ಇಲ್ಲ ಎಂದು ಸರೋಜ, ಮಾವನವರು, ರಂಗಸ್ವಾಮಿ ಮೂವರೂ ಒಟ್ಟಿಗೆ ಹೇಳಿದರು.

ಧಾರೆ ಆಯಿತು. ಅಂತರಪಟ ಸರಿದಾಗ ಮದುವಣಗಿತ್ತಿ ಜೀರಿಗೆ ಬೆಲ್ಲ ಹಾಕುವ ಮೊದಲು ಗಂಡನ ಕಿವಿಯ ಹಿಂದಿನಿಂದ ಒಂದು ಇರುವೆಯನ್ನು ಹಿಡಿದು ತೆಗೆದಳು. ರಂಗಸ್ವಾಮಿ ಅಂದು ಮೊದಲ ಸಲ ನಕ್ಕ. ನನಗೆ ಕಣ್ಣು ತುಂಬಿ ಬಂತು. ಇದು ನಿಜವಾದ ಆನಂದಬಾಷ್ಪ.

ಕಾರನ್ನು ಮಾವನವರ ತೋಟಕ್ಕೆ ಎಳೆಸಿದೆವು. ಅದು ಮತ್ತೆ ಮೈಸೂರು ನೋಡಲಿಲ್ಲ. ಬಾಗಿಲು ಭದ್ರವಾಗಿದೆ, ಇಲಿ ನುಗ್ಗುವುದಿಲ್ಲ ಎಂದು ಮಾವನವರು ಅದರೊಳಗೆ ಕೊಬ್ಬರಿ ಚೀಲ ಇಡತೊಡಗಿದರು. ಅಳಿಯ ತಂದ ವಸ್ತು ಕೊನೆಗೂ ಉಪಯೋಗಕ್ಕೆ ಬಂತು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆಮೇಲಿಂದ ನಾನು ಆ ಕಡೆಗೆ ಹೋಗುವುದು ಬಸ್ಸಿನಲ್ಲೇ. ಸಂಪಿಗೆಯಲ್ಲಿ ಇಳಿದರೆ ಸಾಕು, ಆದರ ಉಪಚಾರಕ್ಕೆ ಕಮ್ಮಿಯಿಲ್ಲ. ಯಾವ ತೋಟದ ಮುಂದೆ ಹಾದರೂ ಕರೆದು ಕೂರಿಸುತ್ತಾರೆ, ಗೊನೆ ಇಳಿಸುತ್ತಾರೆ. ಆದರೆ ಕೆತ್ತಲು ಮಚ್ಚು ಎತ್ತುವ ಮುಂಚೆ, ನನ್ನನ್ನು ಹಿಂದೆಂದೂ ಕಂಡಿರದವರು ಕೂಡ ಬಹಳ ಗೌರವದಿಂದ ಒಂದು ಮಾತು ಕೇಳುತ್ತಾರೆ.

"ಕುಡಿಯಾಕಾ ಸಾರ್, ಕಾರಿಗಾ?"