ಆಯ್ತಪ್ಪನ ಕಿಟಕಿಗೊಂದು ಪರದೆ

ಬೆಳಿಗ್ಗೆ ಗೇಟಿನ ಬಳಿ ಬಿದ್ದಿದ್ದ ಪೇಪರು ಎತ್ತಿಕೊಳ್ಳಲು ಆಯ್ತಪ್ಪ ಬಗ್ಗಿದಾಗ, ಎದುರುಮನೆಯ ಮಹಡಿಯಿಂದ ಕಂಪೌಂಡರು ಕೂಗಿ ಹೇಳಿದರು: "ಸಾರ್, ನಿನ್ನೆ ಸಾಯಂಕಾಲ ನೀವು ಬನಿಯನ್ ಉಲ್ಟಾ ಹಾಕ್ಕೊಂಡಿದ್ರಿ."

ಊಟವಾದ ಮೇಲೆ ಎರಡು ಮಾತ್ರೆ ಎಂದು ರೋಗಿಗೆ ಹೇಳುವಷ್ಟೇ ಸಹಜವಾಗಿ ಹೇಳಿದರು.

"ನಿಮಗೆ ಹೇಗೆ ಗೊತ್ತು?"

"ಇಲ್ಲಿ ಕೂತ್ರೆ ನಿಮ್ಮ ಹಾಲ್ ಪೂರ್ತಿ ಅಂಗೈ ಮೇಲಿನ ನೆಲ್ಲಿಕಾಯಿ ಸಾರ್."

ಆಯ್ತಪ್ಪ ಎಂಬುದು ಅವನ ಹೆಸರಲ್ಲ. ಅಂಚೆ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದ ಅವನು, ಯಾರು ಏನು ಹೇಳಿದರೂ ಮುದ್ರೆ ಒತ್ತಿದಂತೆ "ಆಯ್ತು" ಎಂದುಬಿಡುತ್ತಿದ್ದ. ಸಹೋದ್ಯೋಗಿಗಳು ಇಟ್ಟ ಹೆಸರು ಕಚೇರಿಯಿಂದ ಬೀದಿಗೆ ಬಂದು, ಬೀದಿಯಿಂದ ಮನೆಯೊಳಗೂ ಬಂದಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಬನಿಯನ್ನಿನ ಸುದ್ದಿಯನ್ನು ಅವಳಿಗೆ ಹೇಳಬಾರದಿತ್ತು. ಹೇಳಿದ.

"ಅಂದ್ರೆ ಈ ಮನೆಗೆ ಬಂದ ಎರಡು ವರ್ಷದಿಂದ ನಾವು ಅಂಗಡಿ ಗಾಜಿನೊಳಗಿನ ಗೊಂಬೆಗಳ ಹಾಗೆ ಬದುಕ್ತಿದ್ದೀವಿ," ಎಂದು ಅವಳು ಆಫೀಸಿನ ಚೀಲವನ್ನು ಧೊಪ್ಪನೆ ಮೇಜಿನ ಮೇಲಿಟ್ಟಳು. "ಇವತ್ತು ರಜಾ ಹಾಕಿ. ನಾನು ಬರೋ ಹೊತ್ತಿಗೆ ಆ ಕಿಟಕಿಗೆ ದಪ್ಪನೆ ಪರದೆ ಬಿದ್ದಿರಬೇಕು. ನಾನು ಬಣ್ಣ ಹೇಳಲ್ಲ, ಬಟ್ಟೆ ಹೇಳಲ್ಲ. ಜನ್ಮದಲ್ಲಿ ಒಂದನ್ನಾದ್ರೂ ನೀವೇ ಆರಿಸಿ. ದಾರೀಲಿ ಹೋಗೋರ ಮಾತಿಗೆಲ್ಲ ತಲೆ ಆಡಿಸ್ಕೊಂಡು ಬಂದ್ರೆ ಮಾತ್ರ ನಾನು ಸುಮ್ನಿರಲ್ಲ."

"ಆಯ್ತು."

ಹಾಲಿನಲ್ಲಿ ಟಿವಿಯ ಮುಂದೆ ಕೂತಿದ್ದ ಅತ್ತೆಯವರು ತಿರುಗಿ ನೋಡಿದರು. ಮಗಳ ಮನೆಯಲ್ಲೇ ಇದ್ದ ಅವರಿಗೆ ಕಿವಿ ಸ್ವಲ್ಪ ಮಂದ. "ಏನಂತೆ ಅಳಿಯಂದ್ರೇ?"

"ಪರದೆ ಅತ್ತೆ, ಪರದೆ."

"ಬರದೆ ಏನು, ಬರ್ತಾರೆ ಬಿಡಿ," ಎಂದು ಅವರು ಸಮಾಧಾನ ಹೇಳಿದರು.

ಬೀದಿಗಿಳಿದ ಆಯ್ತಪ್ಪ ಹತ್ತು ಹೆಜ್ಜೆ ಹಾಕಿರಲಿಲ್ಲ, ಎದುರುಮನೆಯ ಕೆಳಭಾಗದಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರು ಅಡ್ಡಗಟ್ಟಿದರು. ಕೆಲಸದ ದಿನ ಇಷ್ಟು ಹೊತ್ತಿಗೆ ಎಲ್ಲಿಗೆ ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ, ನಿಜವನ್ನೇ ಹೇಳಿತು.

"ಪರದೆಯಾ? ಯಾವ ಕಿಟಕಿಗೆ?"

"ಹಾಲಿನದಕ್ಕೆ."

ಪರೀಕ್ಷಾ ಕೊಠಡಿಯಲ್ಲಿ ಚೀಟಿ ಕಂಡವರಂತೆ ಮಾಸ್ತರರ ಹುಬ್ಬು ಮೇಲೇರಿತು. "ನಿಲ್ಲಿ, ಚಪ್ಪಲಿ ಹಾಕ್ಕೊಂಡು ಬಂದೆ. ಬಟ್ಟೆ ವಿಷಯದಲ್ಲಿ ನೀವು ಮೋಸ ಹೋಗ್ತೀರಿ."

ಬಟ್ಟೆ ಅಂಗಡಿಯವನು ಥಾನಿನ ಮೇಲೆ ಥಾನು ಬಿಚ್ಚಿ ಎಸೆದ. ಅರ್ಧ ಗಂಟೆಯಲ್ಲಿ ಆಯ್ತಪ್ಪ ಸೊಂಟದವರೆಗೆ ಬಟ್ಟೆಯಲ್ಲಿ ಮುಳುಗಿದ್ದ. ಹೂವಿನದು, ಎಲೆಯದು, ಗೆರೆಯದು, ಮಲಗುವ ಕೋಣೆಯಲ್ಲಿ ಹಾಕಿದರೆ ನಿದ್ದೆಯೇ ಬಾರದಂಥ ಹಳದಿಯದು. ಅವುಗಳ ನಡುವೆ ಬದನೆಕಾಯಿ ಬಣ್ಣದ ಒಂದು ದಪ್ಪ ಬಟ್ಟೆ ಕಂಡಿತು. ಆಯ್ತಪ್ಪನ ಕೈ ತಾನಾಗಿಯೇ ಅದರ ಮೇಲೆ ಹೋಯಿತು.

"ಇದನ್ನ ಹಾಕಿದ್ರೆ ಸೂರ್ಯನೂ ಬಾಗಿಲು ತಟ್ಟಿ ಕೇಳ್ಕೊಂಡೇ ಒಳಗೆ ಬರಬೇಕು ಸ್ವಾಮಿ," ಎಂದ ಅಂಗಡಿಯವನು.

ಮಾಸ್ತರರು ಬೇಡವೆಂದು ತಲೆಯಾಡಿಸಿದರು. "ಮನೆ ಗವಿ ಆಗುತ್ತೆ. ಗಾಳಿ ಬೇಡ್ವಾ? ಬೆಳಕು ಬೇಡ್ವಾ? ಇಂಥ ಪರದೆಯ ಮಡಿಕೆಯಲ್ಲಿ ಸೊಳ್ಳೆಗಳು ಸಂಸಾರ ಹೂಡಿ ಮೊಮ್ಮಕ್ಕಳನ್ನ ಕಾಣ್ತವೆ. ನೆಟ್ ತಗೊಳ್ಳಿ. ಗೌರವಸ್ಥರ ಮನೆಗೆ ನೆಟ್ಟೇ ಲಕ್ಷಣ."

ಆಯ್ತಪ್ಪ ನೆಟ್ ಬಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು ನೋಡಿದ. ಅದರ ಮೂಲಕ ಅಂಗಡಿಯವನ ಮೀಸೆಯಲ್ಲಿದ್ದ ಬಿಳಿಕೂದಲನ್ನು ಎಣಿಸಬಹುದಿತ್ತು.

"ಆ..." ಎಂದು ಅವನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಉಳಿದ ಅಕ್ಷರವನ್ನು ಬಿಸಿ ಕಾಫಿಯಂತೆ ನುಂಗಿಕೊಂಡ. "ಬದನೆಕಾಯಿ ಬಣ್ಣದ್ದೇ ಕೊಡಿ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇಡೀ ತರಗತಿ ನಪಾಸಾದಂತೆ ಮುಖ ಮಾಡಿಕೊಂಡ ಮಾಸ್ತರರು, ಏನೋ ಕೆಲಸ ನೆನಪಾಯಿತೆಂದು ಹೇಳಿ ಬಿರಬಿರನೆ ಮುಂದೆ ನಡೆದುಬಿಟ್ಟರು.

ಬೀದಿಯ ಟೈಲರಮ್ಮನ ಅಂಗಡಿಯೂ ಆಯ್ತಪ್ಪನ ಮನೆಯ ಎದುರಿಗೇ ಇತ್ತು. ಅವನು ಹೋಗುವಷ್ಟರಲ್ಲಿ ಮಾಸ್ತರರು ಅಲ್ಲಿಂದ ಹೊರಬೀಳುತ್ತಿದ್ದರು. ಟೈಲರಮ್ಮ ಬಟ್ಟೆಯನ್ನು ಮುಟ್ಟಿ, ಯಾರೋ ತೀರಿಕೊಂಡರೆಂಬಂತೆ ನಿಟ್ಟುಸಿರಿಟ್ಟಳು. "ನೆಟ್ ಸಿಗ್ಲಿಲ್ವಾ ಅಣ್ಣಾ?"

"ಇದೇ ಇರಲಿ. ಐದಡಿ ಉದ್ದ."

ಎರಡು ಗಂಟೆಗೆ ಪರದೆ ಸಿದ್ಧವಾಯಿತು. ಮನೆಗೆ ತಂದು ಕಿಟಕಿಗೆ ಹಿಡಿದು ನೋಡಿದರೆ, ಚಿಕ್ಕ ವಯಸ್ಸಿನ ಚಡ್ಡಿಯನ್ನು ದೊಡ್ಡವನಿಗೆ ತೊಡಿಸಿದಂತೆ, ಅರ್ಧಕ್ಕೇ ನಿಂತಿತು. ಮತ್ತೆ ಟೈಲರಮ್ಮನ ಬಳಿಗೆ ಓಡಿದ.

"ಈಗ ಇದೇ ಫ್ಯಾಷನ್ನು ಅಣ್ಣಾ. ಮೇಲೆ ಮರೆ, ಕೆಳಗೆ ಗಾಳಿ."

"ಕಿಟಕಿ ಐದಡಿ. ಇದು ಮೂರಡಿ ಇದೆಯಲ್ಲಮ್ಮ."

"ಒಗೆದ ಮೇಲೆ ಉದ್ದ ಆಗುತ್ತೆ."

ಒಗೆದರೆ ಕುಗ್ಗುವ ಬಟ್ಟೆಯನ್ನು ಆಯ್ತಪ್ಪ ಕಂಡಿದ್ದ. ಬೆಳೆಯುವ ಬಟ್ಟೆಯನ್ನು ಕಂಡಿರಲಿಲ್ಲ. ತಿರುಗಿಸಿ ನೋಡಿದ. ಒಳಗೆ ಎರಡಡಿ ಬಟ್ಟೆಯನ್ನು ಮಡಿಸಿ ನಾಲ್ಕು ಸಾಲು ಹೊಲಿಗೆ ಹಾಕಲಾಗಿತ್ತು. ಬಿಚ್ಚಲು ಪುರುಸೊತ್ತಿಲ್ಲ ಎಂದಳು ಟೈಲರಮ್ಮ. ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು, ಬ್ಲೇಡು ಹಿಡಿದು, ಒಂದೊಂದೇ ಹೊಲಿಗೆ ಬಿಚ್ಚಿದ. ಬೆರಳನ್ನು ಮೂರು ಕಡೆ ಕುಯ್ದುಕೊಂಡ. ಅವನ ಹಟ ಕಂಡು ಸೋತವಳಂತೆ ಅವಳು ಕೊನೆಗೆ ಅಂಚು ಹೊಲಿದುಕೊಟ್ಟಳು.

ಮನೆಗೆ ಬಂದರೆ ಕಂಪೌಂಡರು ಡ್ರಿಲ್ ಯಂತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ರಾಡ್ ಕೂರಿಸಬೇಕಲ್ಲ ಸಾರ್, ನೆರೆಹೊರೆ ಅಂದ್ಮೇಲೆ ಅಷ್ಟೂ ಮಾಡದಿದ್ರೆ ಹೇಗೆ."

ಅವರು ಗೋಡೆ ಕೊರೆಯತೊಡಗಿದರು. ಅತ್ತೆಯವರು ಟಿವಿಯ ಧ್ವನಿಯನ್ನು ಡ್ರಿಲ್ಲಿಗಿಂತ ಒಂದು ಗೆರೆ ಮೇಲಕ್ಕೆ ಏರಿಸಿ ನೆಮ್ಮದಿಯಾಗಿ ಕೂತರು. ರಾಡ್ ಏರಿತು, ಪರದೆ ಏರಿತು, ಕಂಪೌಂಡರು ಸ್ಟೂಲಿನಿಂದ ಇಳಿದರು. ಆ ಕ್ಷಣಕ್ಕೇ ರಾಡೂ ಇಳಿಯಿತು. ಪುಣ್ಯಕ್ಕೆ ಅದು ನೆಲಕ್ಕೆ ಬಿದ್ದರೂ, ಪರದೆ ಮಾತ್ರ ಅತ್ತೆಯವರನ್ನು ಕುರ್ಚಿಸಮೇತ ಮುಚ್ಚಿತು.

"ಈ ಹೊತ್ತಲ್ಲಿ ಕರೆಂಟು ತೆಗೀತಾರಾ?" ಎಂದು ಒಳಗಿನಿಂದ ಕೇಳಿಸಿತು.

ಕಂಪೌಂಡರು ಗೋಡೆಯ ನಾಡಿ ಹಿಡಿದವರಂತೆ ತೂತನ್ನು ಮುಟ್ಟಿ ನೋಡಿದರು. "ಗೋಡೆ ವೀಕು ಸಾರ್. ಭಾರ ತಡೆಯಲ್ಲ. ನೆಟ್ ಆದ್ರೆ ತಡ್ಕೊಳ್ಳುತ್ತೆ."

ಮೂರನೆಯವರೂ ನೆಟ್ ಎಂದದ್ದು ಕೇಳಿ ಆಯ್ತಪ್ಪನ ತಲೆಯಲ್ಲಿ ಏನೋ ಮಿಂಚಿತು. ಇವರೆಲ್ಲರ ಮನೆ ಎದುರಿಗೇ. ಮೂವರಿಗೂ ತನ್ನ ಹಾಲು ಕಾಣಬೇಕು. ಅಂದರೆ ಇವರು ತನ್ನನ್ನು ನೋಡುವ ಚಟಕ್ಕೆ ಬಿದ್ದಿದ್ದಾರೆ.

ಕಂಪೌಂಡರಿಗೆ ಕೈಮುಗಿದು ಕಳಿಸಿ, ತಾನೇ ಸ್ಟೂಲು ಹತ್ತಿದ. ಎರಡು ಮೊಳೆ ಬಗ್ಗಿತು, ಒಂದು ಹೆಬ್ಬೆರಳು ಊದಿತು, ಐದೂವರೆಗೆ ರಾಡ್ ಕೂತಿತು. ಕೆಲಸ ಮುಗಿದ ಮೇಲೆ ಕನ್ನಡಿಯ ಮುಂದೆ ನಿಂತು ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿಕೊಂಡ. ಸಿಟ್ಟಿನ ಒಳಗೆ ಎಲ್ಲೋ ಒಂದು ಹನಿ ಸಂತೋಷವೂ ಇತ್ತು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವವನನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಇಲ್ಲಿ ಮೂರು ಮನೆಯವರು ನೋಡದೆ ಬದುಕಲಾರರು.

ಹೆಂಡತಿ ಬಂದಳು. ಪರದೆಯನ್ನು ಮುಟ್ಟಿದಳು, ಎಳೆದಳು, ಹಿಂದೆ ಸರಿದು ನಿಂತು ನೋಡಿದಳು.

"ನೀವೇ ಆರಿಸಿದ್ದಾ?"

"ನಾನೇ. ಮಾಸ್ತರರು ಬೇಡ ಅಂದ್ರು, ಕೇಳ್ಲಿಲ್ಲ."

"ಚೆನ್ನಾಗಿದೆ ರೀ," ಎಂದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆ 'ರೀ' ಇಷ್ಟು ಮೃದುವಾಗಿ ಬಿದ್ದಿದ್ದು ಅವನಿಗೆ ನೆನಪಿರಲಿಲ್ಲ. ಇವತ್ತು ಸಾಯಂಕಾಲ ನಮ್ಮದೇ ಸಾಯಂಕಾಲ ಎಂದು ಅವಳು ಕಾಫಿಗೆ ನೀರಿಟ್ಟಳು. ಆಯ್ತಪ್ಪ ಅಂಗಿ ಬಿಚ್ಚಿ ಎಸೆದು, ಬರೀ ಬನಿಯನ್ನಿನಲ್ಲಿ ಹಾಲಿನ ಈ ಗೋಡೆಯಿಂದ ಆ ಗೋಡೆಗೆ, ಕೋಟೆ ಗೆದ್ದ ರಾಜನಂತೆ ಓಡಾಡಿದ.

ಏಳೂಕಾಲಿಗೆ ಬಾಗಿಲ ಗಂಟೆ ಸದ್ದು ಮಾಡಿತು.

ತೆರೆದರೆ ಹೆಡ್‌ಮಾಸ್ತರರು, ಕಂಕುಳಲ್ಲಿ ಮಡಿಸುವ ಕುರ್ಚಿ. ಅವರ ಹಿಂದೆ ಗುಂಡಿ ಹೊಲಿಯಬೇಕಾದ ರವಿಕೆಗಳ ಗಂಟು ಹಿಡಿದ ಟೈಲರಮ್ಮ. ಅವಳ ಹಿಂದೆ ಕಂಪೌಂಡರು, ಅವರ ಹೆಂಡತಿ, ಎರಡು ದಿಂಬು.

"ಶುರುವಾಯ್ತಾ?" ಎಂದು ಕೇಳುತ್ತ ಮಾಸ್ತರರು ಆಯ್ತಪ್ಪನ ಬಗಲಲ್ಲಿ ನುಸುಳಿ ಒಳಗೆ ಹೋದರು.

"ಏನು ಶುರುವಾಗಬೇಕು?"

"ಧಾರಾವಾಹಿ ಅಣ್ಣಾ," ಎಂದಳು ಟೈಲರಮ್ಮ. "ಇವತ್ತು ಕೋರ್ಟಿನಲ್ಲಿ ತೀರ್ಪು. ಎರಡು ವರ್ಷದಿಂದ ನಿಮ್ಮ ಕಿಟಕಿಯಲ್ಲೇ ನೋಡ್ಕೊಂಡು ಬಂದಿದ್ದೀವಿ. ಈಗ ಬಿಡೋಕಾಗುತ್ತಾ?"

"ನಮ್ಮ ಟಿವಿ ಕೆಟ್ಟು ಎಷ್ಟು ಕಾಲ ಆಯ್ತೋ," ಎಂದರು ಮಾಸ್ತರರು ಕುರ್ಚಿ ಬಿಡಿಸುತ್ತ. "ನಿಮ್ಮದು ಗೋಡೆಯಷ್ಟಿದೆ. ಅತ್ತೆಯವರು ಇಡೋ ಸೌಂಡಿಗೆ ನಮ್ಮ ಅಡುಗೆಮನೆಗೂ ಮಾತು ಕೇಳುತ್ತೆ. ರಿಪೇರಿ ಯಾಕೆ ಅಂತ ಸುಮ್ಮನಿದ್ದೆ. ಬಾಯಿಬಿಟ್ಟು ಕೇಳೋಕೆ ಸಂಕೋಚ. ನೆಟ್ ತಗೊಳ್ಳಿ ಅಂದ್ರೆ ನೀವು ಕೇಳ್ಲಿಲ್ಲ."

ಆಯ್ತಪ್ಪ ಬನಿಯನ್ನನ್ನು ಕೆಳಗೆ ಜಗ್ಗಿಕೊಂಡ. "ಹಾಗಾದ್ರೆ... ನನ್ನನ್ನ ಯಾರೂ ನೋಡ್ತಿರ್ಲಿಲ್ವಾ?"

"ನಿಮ್ಮನ್ನಾ?" ಕಂಪೌಂಡರಿಗೆ ನಿಜಕ್ಕೂ ಅಚ್ಚರಿಯಾಯಿತು. "ನೀವು ಮಧ್ಯೆ ಮಧ್ಯೆ ಅಡ್ಡ ಬರ್ತಿದ್ರಿ ಸಾರ್. ಏನು ಮಾಡೋದು, ಅವರ ಮನೆ, ಅವರ ಟಿವಿ ಅಂತ ಸಹಿಸ್ಕೊಂಡ್ವಿ."

ಅತ್ತೆಯವರಿಗೆ ಹಿಡಿಸಲಾರದ ಹಿಗ್ಗು. ಬನ್ನಿ ಕೂತ್ಕೊಳ್ಳಿ ಎಂದು ಎಲ್ಲರಿಗೂ ಜಾಗ ತೋರಿಸಿ, ಅಳಿಯನ ಕುರ್ಚಿಯನ್ನು ಕಂಪೌಂಡರ ಹೆಂಡತಿಗೆ ಕೊಟ್ಟರು. ಎರಡು ಲೋಟ ಕಾಫಿ ಹಿಡಿದು ಹೊರಬಂದ ಹೆಂಡತಿ, ತುಂಬಿದ ಹಾಲನ್ನೂ ಗಂಡನನ್ನೂ ನೋಡಿ, ಮತ್ತೆ ಒಳಗೆ ಹೋಗಿ ದೊಡ್ಡ ಪಾತ್ರೆ ಹುಡುಕತೊಡಗಿದಳು. ಪಾತ್ರೆಗಳ ಸದ್ದಿನಲ್ಲೇ ಅವಳ ಮಾತೆಲ್ಲ ಅವನಿಗೆ ಕೇಳಿಸಿತು.

ಕೂರಲು ಜಾಗವಿರಲಿಲ್ಲ. ಅಂಗಿ ಯಾರದೋ ದಿಂಬಿನ ಕೆಳಗೆ ಸಿಕ್ಕಿಕೊಂಡಿತ್ತು. ಆಯ್ತಪ್ಪ ಮೂಲೆಯಲ್ಲಿ ಕೈಕಟ್ಟಿ ನಿಂತ.

ನ್ಯಾಯಾಧೀಶರು ತೀರ್ಪಿನ ಹಾಳೆ ಎತ್ತಿಕೊಂಡರು. ಮಾಸ್ತರರು ಕಣ್ಣಿಗೆ ಕೈ ಅಡ್ಡ ಹಿಡಿದು ತಿರುಗಿ ನೋಡಿದರು.

"ಸ್ವಲ್ಪ ಆ ಪರದೆ ಪೂರ್ತಿ ಎಳೀರಿ. ಬೀದಿದೀಪದ ಬೆಳಕು ಟಿವಿ ಮೇಲೆ ಬೀಳ್ತಿದೆ."

ಆಯ್ತಪ್ಪ ಹೋಗಿ ಎಳೆದ. ಕೋಣೆ ಕತ್ತಲಾಯಿತು, ಚಿತ್ರ ಸ್ಫಟಿಕದಂತೆ ತಿಳಿಯಾಯಿತು. ಎಲ್ಲರೂ ಒಮ್ಮೆಗೇ ನೆಮ್ಮದಿಯ ಉಸಿರು ಬಿಟ್ಟರು.

"ಒಳ್ಳೆ ಬಟ್ಟೆ ಆರಿಸಿದ್ದೀರಿ ಕಣ್ರೀ," ಎಂದರು ಮಾಸ್ತರರು. "ನಾಳೆಯಿಂದ ಏಳು ಗಂಟೆಗೇ ಎಳೆದಿಟ್ಟಿರಿ."