ಫ್ರಿಜ್ಜಿಗೆ ಹೋದ ಅತ್ತೆಯ ಹಾಡುಗಳು

ನಮ್ಮ ಮನೆಯ ಕಂಪ್ಯೂಟರಿಗೆ ಹದಿನಾಲ್ಕು ವರ್ಷ. ಅದರ ಹೊಟ್ಟೆಯಿಂದ ಕಟ್ ಕಟ್ ಎಂಬ ಸದ್ದು ಬರತೊಡಗಿದಾಗ ನಾನೇನೂ ಹೆದರಲಿಲ್ಲ. ಆದೋನಿಯ ಹತ್ತಿ ಮಂಡಿಯಲ್ಲಿ ಇಪ್ಪತ್ತು ವರ್ಷ ಕಂಪ್ಯೂಟರಿನ ಮುಂದೆ ಕೂತ ಗುಮಾಸ್ತ ನಾನು. ಪಕ್ಕಕ್ಕೆ ಎರಡು ಏಟು ಕೊಟ್ಟೆ. ಸದ್ದು ನಿಂತಿತು. ಕಂಪ್ಯೂಟರೂ ನಿಂತಿತು!

ಹೆಂಡತಿ ಗೌರಮ್ಮ ಅಡುಗೆಮನೆಯಿಂದಲೇ ಕೇಳಿದಳು: “ಅವ್ವನ ಹಾಡು ಅದಾವಲ್ಲರಿ?”

ಕೋಸಗಿಯ ನಮ್ಮ ಅತ್ತೆ ತೀರಿಕೊಳ್ಳುವ ಮೊದಲು ಹಾಡಿದ ಬೀಸುವ ಪದ, ಸೋಬಾನೆ ಪದಗಳನ್ನು ನಾನೇ ಮುಂದೆ ಕೂತು ರೆಕಾರ್ಡ್ ಮಾಡಿದ್ದೆ. ಒಟ್ಟು ನಲವತ್ತು. ಇನ್ನೊಂದು ಕಾಪಿ ಮಾಡಿಡಿ ಎಂದು ಗೌರಮ್ಮ ಹೋದ ವರ್ಷವೇ ಹೇಳಿದ್ದಳು. ಮಾಡಿಯೂ ಇಟ್ಟಿದ್ದೆ. ಅದೇ ಕಂಪ್ಯೂಟರಿನೊಳಗೆ, ಬೇರೆ ಹೆಸರು ಕೊಟ್ಟು.

“ಕಾಪಿ ಐತಿ, ಚಿಂತಿ ಮಾಡಬ್ಯಾಡ,” ಎಂದೆ. ಅದು ಸುಳ್ಳಲ್ಲ. ಸುಳ್ಳಿಗಿಂತ ಕಡೆ.

ಕೆಟ್ಟ ಡಿಸ್ಕನ್ನು ತಣ್ಣಗೆ ಮಾಡಿದರೆ ಒಮ್ಮೆ ಜೀವ ಬರುತ್ತದೆಂದು ಮಂಡಿಯಲ್ಲಿ ಯಾರೋ ಹೇಳಿದ್ದು ನೆನಪಾಯಿತು. ಗೌರಮ್ಮ ಪೇಟೆಗೆ ಹೋದ ಹೊತ್ತು ನೋಡಿ, ಡಿಸ್ಕ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಐಸಿನ ಪಕ್ಕ ಇಟ್ಟೆ. ಬೇಗ ತಣ್ಣಗಾಗಲೆಂದು ಬಟ್ಟೆಯನ್ನು ಚೆನ್ನಾಗಿ ಒದ್ದೆ ಮಾಡಿದ್ದು ಮಾತ್ರ ನನ್ನ ಸ್ವಂತ ಸಂಶೋಧನೆ.

ಸಂಜೆ ಗಂಟು ಅವಳ ಕೈಗೇ ಸಿಕ್ಕಿತು. ಎಲ್ಲವನ್ನೂ ಒಪ್ಪಿಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಗಂಟು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು. ನಾನು ಹಿಂದೆ ಹಿಂದೆ ನಡೆದೆ.

ರಿಪೇರಿ ಅಂಗಡಿಯ ಬಾಷಾ ಗಂಟು ಬಿಚ್ಚಿ ನನ್ನ ಮುಖ ನೋಡಿದ. “ಬರೇ ಸದ್ದು ಬರೋ ಮುಂದ ತಂದಿದ್ರ ತೆಗೆದು ಕೊಡತಿದ್ದೆ ಸಾರ್. ಈಗ ಒಳಗ ನೀರು ಹೋಗ್ಯಾವ.”

ಗೌರಮ್ಮ ಆ ಡಿಸ್ಕನ್ನು ಸೆರಗಿನಿಂದ ಒರೆಸಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ವಾರವೆಲ್ಲ ನೆಂಟರಿಗೆ ಫೋನು ಮಾಡಿದೆ. ಮಾಧವರಂನಲ್ಲಿರುವ ಅವಳ ತಂಗಿ, ನಾನು ರೆಕಾರ್ಡ್ ಮಾಡುವಾಗ ಪಕ್ಕದಲ್ಲಿ ಕೂತು ತನ್ನ ಫೋನಿನಲ್ಲೂ ಒಂದು ಹಾಡು ಹಿಡಿದಿದ್ದಳಂತೆ. ಮರುದಿನವೇ ಬಸ್ಸು ಹತ್ತಿದೆವು.

ತಂಗಿ ಫೋನು ಒತ್ತಿದಳು. ಅತ್ತೆ ಎರಡು ಸಾಲು ಹಾಡಿ ನಿಲ್ಲಿಸಿದರು. “ಅಳಿಯಪ್ಪ, ಹಾಡು ಇದರಾಗ ಉಳೀತಾವೋ ಇಲ್ಲೋ?”

ಬಲು ಧೈರ್ಯದ ಗಂಡು ದನಿಯೊಂದು ಉತ್ತರಿಸಿತು: “ನಾ ಅದೀನಲ್ಲ ಅತ್ತಿ, ಎಲ್ಲಿ ಹೋಗ್ತಾವು? ನೀವು ಹಾಡ್ರಿ.”

ಗೌರಮ್ಮ ಕಣ್ಣೊರೆಸಿಕೊಂಡು ಅದನ್ನು ಐದು ಸಲ ಹಾಕಿಸಿ ಕೇಳಿದಳು. ಐದು ಸಲವೂ ಫೋನಿನೊಳಗಿಂದ ನಾನು ಅದನ್ನೇ ಹೇಳಿದೆ.